ಘನತೆಯ ಘೋಷಣೆ ಮತ್ತು ರೋಗಿಯ ಹಾಸಿಗೆ: ‘ಡಿಗ್ನಿತಾಸ್ ಇನ್ಫಿನಿತಾ’ದ 60ನೇ ಪರಿಚ್ಛೇದ ಕುರಿತು ಒಂದು ವಿಮರ್ಶೆ

ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ವಿಭಾಗವು 2024ರ ಏಪ್ರಿಲ್ 8ರಂದು ಪ್ರಕಟಿಸಿದ ‘ಡಿಗ್ನಿತಾಸ್ ಇನ್ಫಿನಿತಾ’ ಎಂಬ ಘೋಷಣೆಯು ಐದು ವರ್ಷಗಳ ಸಿದ್ಧತೆಯ ಫಲ. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಗೆ ಎಪ್ಪತ್ತೈದು ವರ್ಷ ತುಂಬಿದುದನ್ನು ನೆನೆದು ರಚಿತವಾದ ಈ ದಸ್ತಾವೇಜು 66 ಪರಿಚ್ಛೇದಗಳಲ್ಲಿ ಮಾನವ ಘನತೆಯ ಬುನಾದಿಯನ್ನು ವಿವರಿಸಿ, ಕೊನೆಯ ಭಾಗದಲ್ಲಿ ಆ ಘನತೆಗೆ ಒದಗುವ ಗಂಭೀರ ಧಕ್ಕೆಗಳನ್ನು ಒಂದೊಂದಾಗಿ ಎಣಿಸುತ್ತದೆ. ಬಡತನ, ಯುದ್ಧ, ವಲಸಿಗರ ಸಂಕಟ, ಮಾನವ ಸಾಗಣೆ, ಸ್ತ್ರೀಯರ ಮೇಲಿನ ಹಿಂಸೆ, ಭ್ರೂಣಹತ್ಯೆ, ದಯಾಮರಣ ಇವುಗಳ ಸಾಲಿನಲ್ಲಿಯೇ ಲಿಂಗ ಪರಿವರ್ತನೆಯೂ 60ನೇ ಪರಿಚ್ಛೇದದಲ್ಲಿ ಸೇರಿದೆ. ಇಡೀ ಘೋಷಣೆಯನ್ನು ತೂಗುವುದು ಈ ಲೇಖನದ ಉದ್ದೇಶವಲ್ಲ. ಆ ಒಂದು ಪರಿಚ್ಛೇದವನ್ನು ಒಂದು ನಿರ್ದಿಷ್ಟ ನೆಲೆಯಿಂದ ಓದಲು ನಾವು ಬಯಸುತ್ತೇವೆ: ಎದೆಯ ಶಸ್ತ್ರಚಿಕಿತ್ಸೆ ಮುಗಿಸಿ ಚೇತರಿಸಿಕೊಳ್ಳುತ್ತಿರುವ ಟ್ರಾನ್ಸ್ ಪುರುಷನೊಬ್ಬನ ಹಾಸಿಗೆಯ ಪಕ್ಕದಿಂದ.

ಟ್ರಾನ್ಸ್ ಪುರುಷ ಎಂದರೆ ಹುಟ್ಟಿನಲ್ಲಿ ಹೆಣ್ಣೆಂದು ದಾಖಲಾಗಿ, ತಾನು ಗಂಡೆಂಬ ಅರಿವಿನಲ್ಲಿ ಬಾಳುವವನು. ನಮ್ಮ ನಾಡಿನಲ್ಲಿ ಜೋಗಪ್ಪಗಳನ್ನೂ ಹಿಜ್ರಾ ಸಮುದಾಯವನ್ನೂ ಜನ ಬಲ್ಲರು, ಇವನನ್ನು ಅರಿಯರು. ಹೆಣ್ಣುಮಗುವಾಗಿ ಬೆಳೆದವನಿಗೆ ಮನೆಯ ಹೊಸ್ತಿಲು ದಾಟುವುದೇ ದುಸ್ತರವಾದುದರಿಂದ ಅವನ ಬಾಳು ಮನೆಯೊಳಗೇ ಅಡಗಿರುತ್ತದೆ. ಎ. ರೇವತಿಯವರು 2016ರಲ್ಲಿ ಪ್ರಕಟವಾದ ತಮ್ಮ ಹೋರಾಟದ ಕಥನದಲ್ಲಿ ದಕ್ಷಿಣ ಭಾರತದ ಹಲವು ಟ್ರಾನ್ಸ್ ಪುರುಷರ ಮಾತುಗಳಿಗೆ ಜಾಗ ನೀಡಿದ್ದು ಈ ಮೌನವನ್ನು ಅರಿತೇ.

ನಮ್ಮ ಓದಿಗೆ ಒಂದು ಊರು ಬೇಕು. ಅದಕ್ಕಾಗಿ ಖಜೂರಿಯನ್ನು ಆರಿಸಿಕೊಂಡಿದ್ದೇವೆ. ಆಳಂದ ತಾಲ್ಲೂಕಿನ, ಮಹಾರಾಷ್ಟ್ರದ ಗಡಿಗೆ ಸಮೀಪದ ಈ ಊರಿನ ಯಾವ ವ್ಯಕ್ತಿಯನ್ನೂ ಕುರಿತು ನಾವು ಬರೆಯುತ್ತಿಲ್ಲ. ರೋಮ್‌ನಲ್ಲಿ ಬರೆದ ವಾಕ್ಯವೊಂದು ತೊಗರಿ ಬೆಳೆಯುವ ಇಂಥ ಊರಿನ ಒಂದು ಮನೆಯಲ್ಲಿ ಏನಾಗುತ್ತದೆ ಎಂದು ಕೇಳುವುದು ಪಾಲನಾ ದೈವಶಾಸ್ತ್ರದ ಕರ್ತವ್ಯ. ಇಂದು ಈ ಪತ್ರಿಕೆಯನ್ನು ಓದುತ್ತಿರುವ ಗುರು ಅಭ್ಯರ್ಥಿಗಳಲ್ಲಿ ಕೆಲವರಾದರೂ ನಾಳೆ ಇಂಥ ಊರುಗಳಿಗೆ ಹೋಗಲಿರುವವರೇ.

ಶಸ್ತ್ರಚಿಕಿತ್ಸೆ ನಡೆಯುವುದು ದೂರದ ನಗರದಲ್ಲಿ. ಚೇತರಿಕೆ ನಡೆಯುವುದು ಊರಿನಲ್ಲಿ. ಸ್ತನದ ಅಂಗಾಂಶವನ್ನು ತೆಗೆದು, ಎದೆಯನ್ನು ಸಮತಟ್ಟಾಗಿಸಿ, ಅನೇಕ ವೇಳೆ ತೊಟ್ಟುಗಳನ್ನು ಬೇರ್ಪಡಿಸಿ ಹೊಸ ಜಾಗದಲ್ಲಿ ಕೂಡಿಸುತ್ತಾರೆ. ಬಸಿಯುವ ನೀರನ್ನು ಹೊರಗೊಯ್ಯಲು ಎರಡೂ ಪಕ್ಕಗಳಲ್ಲಿ ನಳಿಕೆಗಳನ್ನು ಇರಿಸಿ, ಕೆಲವು ದಿನಗಳ ನಂತರ ತೆಗೆಯುವುದುಂಟು. ಹಲವು ವಾರ ಹಗಲಿರುಳು ಬಿಗಿಯಂಗಿ ತೊಟ್ಟಿರಬೇಕು, ಅಂಗಾತವೇ ಮಲಗಬೇಕು. ತೋಳನ್ನು ಭುಜದ ಮೇಲಕ್ಕೆ ಎತ್ತುವಂತಿಲ್ಲ. ತುಂಬಿದ ಕೊಡ ಹೊರುವಂತಿಲ್ಲ. ಗಾಯದ ಗೆರೆಗಳು ಮಾಗಲು ಒಂದು ವರ್ಷವೋ ಇನ್ನೂ ಹೆಚ್ಚೋ ಬೇಕು. ಎದೆಯ ಚರ್ಮದ ಸ್ಪರ್ಶಜ್ಞಾನ ಪೂರ್ತಿ ಮರಳದೆಯೂ ಇರಬಹುದು. ಬಯಸಿದ್ದೇ ಕೈಗೂಡಿದ್ದರೂ ಮೊದಲ ವಾರಗಳಲ್ಲಿ ಮನಸ್ಸು ಕುಸಿಯುವುದುಂಟು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಕಲಬುರಗಿ ಸೀಮೆಯ ಬಿಸಿಲಲ್ಲಿ ಬಿಗಿಯಂಗಿಯ ಆ ವಾರಗಳು ಎಂಥವೆಂದು ಓದುಗರು ಊಹಿಸಬಲ್ಲರು. ಈ ಅವಧಿಯಲ್ಲಿ ಅವನು ತಲೆಗೆ ನೀರು ಹಾಕಿಕೊಳ್ಳಲಾರ, ಯಾರಾದರೂ ಹಾಕಬೇಕು. ಯಾರು ಹಾಕುವರು ಎಂಬುದೇ ಆ ಮನೆಯ ಮೊದಲ ಪ್ರಶ್ನೆ.

ಈಗ ಘೋಷಣೆಯತ್ತ ಬರೋಣ. ಅದರ ಬಲವಿರುವುದು 7ನೇ ಪರಿಚ್ಛೇದದ ವಿಂಗಡಣೆಯಲ್ಲಿ. ಘನತೆ ಎಂಬ ಪದವನ್ನು ಅದು ನಾಲ್ಕು ಅರ್ಥಗಳಲ್ಲಿ ಬಿಡಿಸುತ್ತದೆ: ಇರವಿನ ಘನತೆ, ನೈತಿಕ ಘನತೆ, ಸಾಮಾಜಿಕ ಘನತೆ, ಅಸ್ತಿತ್ವದ ಅನುಭವದ ಘನತೆ. ಇವುಗಳಲ್ಲಿ ಮೊದಲನೆಯದು ದೇವರು ಮನುಷ್ಯನನ್ನು ಸೃಷ್ಟಿಸಿ ಪ್ರೀತಿಸಿದ್ದರಿಂದಲೇ ಬಂದದ್ದು. ಅದನ್ನು ಯಾವ ಸನ್ನಿವೇಶವೂ, ಸ್ವಂತ ಪಾಪವೂ ಅಳಿಸಲಾರದು. ಉಳಿದ ಮೂರು ಏರುಪೇರಾಗಬಲ್ಲವು. ಇದು ಅಮೂಲ್ಯವಾದ ಬೋಧನೆ. ಟ್ರಾನ್ಸ್ ವ್ಯಕ್ತಿಗಳನ್ನು ಬೀದಿಯಲ್ಲಿ ಹೀಯಾಳಿಸುವವರ ಎದುರು ಗುರುವು ನಿಲ್ಲಬೇಕಾದದ್ದು ಇದರ ಬಲದಿಂದಲೇ.

ಆದರೆ 60ನೇ ಪರಿಚ್ಛೇದಕ್ಕೆ ಬಂದಾಗ ಘೋಷಣೆಯು ತಾನೇ ಮಾಡಿದ ವಿಂಗಡಣೆಯನ್ನು ಕೈಬಿಟ್ಟಂತೆ ತೋರುತ್ತದೆ. ಲಿಂಗ ಪರಿವರ್ತನೆಯ ಯಾವುದೇ ಹಸ್ತಕ್ಷೇಪವು ಗರ್ಭಧಾರಣೆಯ ಕ್ಷಣದಿಂದ ವ್ಯಕ್ತಿ ಪಡೆದ ಅನನ್ಯ ಘನತೆಗೆ ಸಾಮಾನ್ಯವಾಗಿ ಅಪಾಯವೊಡ್ಡುವ ಸಂಭವವಿದೆ ಎಂಬುದು ಅದರ ತಾತ್ಪರ್ಯ. ಗರ್ಭಧಾರಣೆಯಿಂದ ಬಂದ ಘನತೆ ಎಂದರೆ ಇರವಿನ ಘನತೆಯೇ ಸರಿ. ಅದು ಅಳಿಯಲಾರದು ಎಂದು ಮೊದಲೇ ಹೇಳಿರುವಾಗ, ಶಸ್ತ್ರವೈದ್ಯನ ಕತ್ತಿ ಅದಕ್ಕೆ ಅಪಾಯ ತರುವುದು ಹೇಗೆ? ಅಪಾಯವಿರುವುದು ನೈತಿಕ ಘನತೆಗೆ ಎಂದಾದರೆ, ಕೃತ್ಯದ ಉದ್ದೇಶ, ಸನ್ನಿವೇಶ, ಸ್ವಾತಂತ್ರ್ಯ ಇವುಗಳನ್ನು ಪ್ರತಿಯೊಂದು ಪ್ರಕರಣದಲ್ಲಿಯೂ ಪರಿಶೀಲಿಸಬೇಕಾಗುತ್ತದೆ. ಅನುಭವದ ಘನತೆಗೆ ಎಂದಾದರೆ, ಆ ವ್ಯಕ್ತಿಯ ಅನುಭವವನ್ನೇ ಕೇಳಬೇಕಾಗುತ್ತದೆ. ಯಾವ ಘನತೆ ಎಂಬುದನ್ನು ಪರಿಚ್ಛೇದವು ಹೇಳುವುದಿಲ್ಲ. ಇದು ಪದಗಳ ಜಗಳವಲ್ಲ. ಈ ಅಸ್ಪಷ್ಟತೆಯು ಹಳ್ಳಿಯ ಪ್ರವಚನಕ್ಕೆ ಇಳಿದಾಗ, ‘ಇವನು ತನ್ನ ಘನತೆಯನ್ನು ಕಳೆದುಕೊಂಡವನು’ ಎಂಬ ಮಾತಾಗುತ್ತದೆ. ಘೋಷಣೆಯ ಮೊದಲ ಭಾಗ ಖಂಡಿಸುವುದು ಅದನ್ನೇ.

ಎರಡನೆಯ ಆಕ್ಷೇಪ ನೈತಿಕ ದೈವಶಾಸ್ತ್ರದ ಪರಂಪರೆಗೆ ಸಂಬಂಧಿಸಿದ್ದು. ‘ಲಿಂಗ ಪರಿವರ್ತನೆ’ ಎಂಬ ಒಂದೇ ಹೆಸರಿನಡಿ ಪರಿಚ್ಛೇದವು ಬೇರೆ ಬೇರೆ ಕೃತ್ಯಗಳನ್ನು ಒಟ್ಟುಗೂಡಿಸುತ್ತದೆ. ಸಂತಾನಶಕ್ತಿಯನ್ನು ನಾಶಮಾಡುವ ಶಸ್ತ್ರಚಿಕಿತ್ಸೆಗೂ ಎದೆಯ ಶಸ್ತ್ರಚಿಕಿತ್ಸೆಗೂ ನಮ್ಮ ಪರಂಪರೆಯಲ್ಲಿ ತೂಕ ಒಂದೇ ಅಲ್ಲ. ಕ್ಯಾನ್ಸರಿಗಾಗಿ ಸ್ತನ ತೆಗೆಸಿಕೊಂಡ ತಾಯಿಯನ್ನು ನಾವು ಪ್ರಶ್ನಿಸುವುದಿಲ್ಲ. ಎದೆ ಬೆಳೆದ ಹುಡುಗನೊಬ್ಬ ಅದನ್ನು ತೆಗೆಸಿಕೊಂಡರೂ ಪ್ರಶ್ನಿಸುವುದಿಲ್ಲ. ಅಲ್ಲಿ ಅಂಗ ರೋಗಗ್ರಸ್ತ ಅಥವಾ ಅಸಹಜ, ಇಲ್ಲಿ ಆರೋಗ್ಯವಂತ ಎಂಬ ಉತ್ತರ ಬರುತ್ತದೆ. ಆ ಉತ್ತರಕ್ಕೆ ತೂಕವಿದೆ. ಧರ್ಮೋಪದೇಶ ಗ್ರಂಥದ 2297ನೇ ಕಂಡಿಕೆಯು ಕಟ್ಟುನಿಟ್ಟಾದ ಚಿಕಿತ್ಸಾ ಕಾರಣವಿಲ್ಲದ ಅಂಗಚ್ಛೇದವನ್ನು ನಿಷೇಧಿಸುತ್ತದೆ. ಆದರೆ ಅಂಗ ಆರೋಗ್ಯವಾಗಿದೆ ಎಂಬುದೊಂದರಿಂದಲೇ ವಾದ ಮುಗಿಯುವುದಿಲ್ಲ. 1953ರಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ಮೂತ್ರಾಂಗ ತಜ್ಞರನ್ನುದ್ದೇಶಿಸಿ ಮಾತನಾಡುತ್ತ, ಆರೋಗ್ಯವಾಗಿರುವ ಅಂಗವೂ ಇಡೀ ದೇಹಕ್ಕೆ ಗಂಭೀರ ಹಾನಿ ತರುತ್ತಿದ್ದು ಬೇರೆ ದಾರಿ ಇಲ್ಲದಿದ್ದರೆ ಅದನ್ನು ತೆಗೆಯಬಹುದೆಂದು ಒಪ್ಪಿದರು. 1958ರಲ್ಲಿ ಅವರೇ ಒಂದು ಹೆಜ್ಜೆ ಮುಂದಿಟ್ಟು, ಅಂಗವು ದೇಹಕ್ಕೆ ಅಧೀನವಾಗಿರುವಂತೆ ದೇಹವು ವ್ಯಕ್ತಿಯ ಆತ್ಮಿಕ ಗುರಿಗೆ ಅಧೀನವೆಂದು ಬೋಧಿಸಿದರು. ಪಯಸ್ ಜಗದ್ಗುರುಗಳ ಎದುರು ಇದ್ದ ಪ್ರಶ್ನೆ ನಮ್ಮ ಪ್ರಶ್ನೆಯಲ್ಲ. ಅವರ ಮಾತನ್ನು ಅನುಮತಿಪತ್ರವಾಗಿ ಬಳಸುವುದು ಅಪ್ರಾಮಾಣಿಕ. ಆದರೂ ಸಮಗ್ರತೆಯ ತತ್ತ್ವವು ಈ ಪ್ರಶ್ನೆಯನ್ನು ಕೇಳಲು ಸಾಧನವಾಗಿ ನಮ್ಮ ಪರಂಪರೆಯಲ್ಲಿಯೇ ಇದೆ, ಪರಿಚ್ಛೇದವು ಅದನ್ನು ಬಳಸಲಿಲ್ಲ ಎಂಬಷ್ಟನ್ನು ಹೇಳಲೇಬೇಕು.

ಮೂರನೆಯದು ದ್ವೈತದ ಆರೋಪ. ದೇಹವೂ ದೇವರ ಪ್ರತಿರೂಪದಲ್ಲಿ ಪಾಲುಗೊಳ್ಳುತ್ತದೆ, ಅದನ್ನು ವರವಾಗಿ ಸ್ವೀಕರಿಸಬೇಕು ಎಂದು ಪರಿಚ್ಛೇದವು ಸರಿಯಾಗಿಯೇ ನೆನಪಿಸುತ್ತದೆ. ಇದರಿಂದ ಕೆಲವರು, ಟ್ರಾನ್ಸ್ ವ್ಯಕ್ತಿ ದೇಹವನ್ನು ತಿರಸ್ಕರಿಸಿ ಆತ್ಮವೇ ತಾನೆನ್ನುವ ಹಳೆಯ ನಾಸ್ಟಿಕ್ ಪಂಥದವನು ಎಂದು ತೀರ್ಮಾನಿಸುತ್ತಾರೆ. ಇನ್ನೊಂದು ಕಡೆ, ಟ್ರಾನ್ಸ್ ವ್ಯಕ್ತಿಗಳನ್ನು ಬೆಂಬಲಿಸುವವರು ಜೇಡರ ದಾಸಿಮಯ್ಯನತ್ತ ಕೈತೋರಿಸುತ್ತಾರೆ. ಕಲಬುರಗಿಗೆ ನೆರೆಯಾದ ಸುರಪುರ ಸೀಮೆಯ ಮುದನೂರಿನ ಆ ಶರಣನು, ಮೈಯ ಕುರುಹುಗಳನ್ನು ನೋಡಿ ಜನ ಹೆಣ್ಣು ಗಂಡೆಂದು ಕರೆಯುವರಾದರೂ ನಡುವಿನ ಆತ್ಮ ಎರಡೂ ಅಲ್ಲವೆಂದು ಕಂಡವನು. ಆ ಕಾಣ್ಕೆಗೆ ನಾವು ತಲೆಬಾಗುತ್ತೇವೆ. ಆದರೆ ಕ್ರೈಸ್ತ ದೈವಶಾಸ್ತ್ರಿಗೆ ಅದು ಸುಲಭದ ದಾರಿಯಲ್ಲ. ಆತ್ಮವೇ ದೇಹದ ರೂಪತತ್ತ್ವವೆಂದು 1312ರಲ್ಲಿ ವಿಯೆನ್ನ್ ಮಹಾಸಭೆ ನಿರ್ಣಯಿಸಿದೆ; ದೇಹವನ್ನು ಬದಿಗಿಟ್ಟು ನಾವು ಮನುಷ್ಯನನ್ನು ಕುರಿತು ಮಾತನಾಡಲಾರೆವು.

ಇಲ್ಲಿಯೇ ಹಾಸಿಗೆಯ ಪಕ್ಕದ ಸಾಕ್ಷ್ಯ ಬೇಕಾಗುವುದು. ದೇಹ ಬೇಡವಾದವನಿಗೆ ಶಸ್ತ್ರಚಿಕಿತ್ಸೆಯೂ ಬೇಡ. ವರ್ಷಗಟ್ಟಲೆ ಎದೆಯನ್ನು ಬಿಗಿದು ಕಟ್ಟಿ, ಬೆನ್ನುನೋವು ಉಸಿರುಕಟ್ಟುಗಳನ್ನು ಸಹಿಸಿ, ಕೂಡಿಟ್ಟ ಹಣವನ್ನು ಸುರಿದು, ಕತ್ತಿಗೆ ಮೈಯೊಡ್ಡಿದವನು ದೇಹವನ್ನು ನಗಣ್ಯವೆಂದು ಬಗೆದವನಲ್ಲ. ತನ್ನ ದೇಹದಲ್ಲಿ ವಾಸಿಸಬೇಕೆಂದು ಹಂಬಲಿಸಿದವನು. ಆ ಹಂಬಲ ಹಿಡಿದ ದಾರಿ ಸರಿಯೇ ಎಂದು ದೈವಶಾಸ್ತ್ರ ಕೇಳಬಹುದು. ಆದರೆ ದೇಹದ್ವೇಷ ಎಂಬ ಹೆಸರು ಅದಕ್ಕೆ ಒಪ್ಪುವುದಿಲ್ಲ. ಮನುಷ್ಯ ತನ್ನನ್ನು ತಾನೇ ಸೃಷ್ಟಿಸಿಕೊಂಡು ದೇವರಾಗಲು ಹೊರಟಿದ್ದಾನೆ ಎಂಬ ಭಯವೂ ಘೋಷಣೆಯಲ್ಲಿದೆ. ನೀರಿನ ಲೋಟವನ್ನೂ ಇನ್ನೊಬ್ಬರು ಬಾಯಿಗೆ ಹಿಡಿಯಬೇಕಾದ ಸ್ಥಿತಿಯಲ್ಲಿ ಮಲಗಿದವನಲ್ಲಿ ಆ ಅಹಂಕಾರವನ್ನು ಕಾಣುವುದು ಕಷ್ಟ.

ನ್ಯಾಯವಾಗಿ ಹೇಳುವುದಾದರೆ, ಪರಿಚ್ಛೇದವು ‘ಸಾಮಾನ್ಯವಾಗಿ’ ಎಂಬ ಪದವನ್ನು ಸುಮ್ಮನೆ ಬಳಸಿಲ್ಲ. ವಿಭಾಗದ ಮುಖ್ಯಸ್ಥರಾದ ಕಾರ್ಡಿನಲ್ ವಿಕ್ತೋರ್ ಮನುವೆಲ್ ಫೆರ್ನಾಂಡಿಸ್ ಅವರು 2025ರ ಫೆಬ್ರವರಿಯಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ನೀಡಿದ ಉಪನ್ಯಾಸದಲ್ಲಿ ಇದನ್ನು ಸ್ಪಷ್ಟಪಡಿಸಿದರು: ಬದುಕನ್ನೇ ಅಸಹನೀಯವಾಗಿಸುವ, ಆತ್ಮಹತ್ಯೆಗೂ ಎಳೆಯಬಲ್ಲ ತೀವ್ರ ಸಂಕಟದ ಪ್ರಕರಣಗಳು ಸಾಮಾನ್ಯ ನಿಯಮದ ಹೊರಗಿರುವ ಸಾಧ್ಯತೆಯನ್ನು ಆ ಪದ ತಳ್ಳಿಹಾಕುವುದಿಲ್ಲ, ಅವುಗಳನ್ನು ಬಹಳ ಎಚ್ಚರದಿಂದ ತೂಗಬೇಕು ಎಂದು. ಅದಕ್ಕೂ ಮುನ್ನ, 2023ರ ನವೆಂಬರ್‌ನಲ್ಲಿ, ಬ್ರೆಜಿಲ್ ದೇಶದ ಧರ್ಮಾಧ್ಯಕ್ಷರೊಬ್ಬರ ಪ್ರಶ್ನೆಗಳಿಗೆ ಇದೇ ವಿಭಾಗ ಉತ್ತರಿಸಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಟ್ರಾನ್ಸ್ ವ್ಯಕ್ತಿಯೂ ಇತರ ವಿಶ್ವಾಸಿಗಳಂತೆಯೇ ಸ್ನಾನದೀಕ್ಷೆ ಪಡೆಯಬಹುದು, ಜನರಲ್ಲಿ ಗೊಂದಲ ಅಪವಾದಗಳು ಉಂಟಾಗದಂತೆ ನೋಡಿಕೊಳ್ಳಬೇಕು ಎಂದಿತ್ತು. ವಿಶ್ವಾಸಿಗಳ ಕೈಗೆ ಮೂಲ ಘೋಷಣೆ ತಲುಪಿದಷ್ಟು ಈ ಎರಡು ವಿವರಣೆಗಳು ತಲುಪುವುದಿಲ್ಲ. ಗುರುಮಠದ ತರಗತಿಯಲ್ಲಿ ಮೂರನ್ನೂ ಒಟ್ಟಿಗೆ ಓದಿಸಬೇಕೆಂಬುದು ನಮ್ಮ ಸಲಹೆ.

ಪವಿತ್ರ ಗ್ರಂಥದ ಬಳಕೆಯಲ್ಲಿಯೂ ಸಂಯಮ ಬೇಕು. ಧರ್ಮೋಪದೇಶಕಾಂಡದ 23ನೇ ಅಧ್ಯಾಯ ಸಭೆಯಿಂದ ಹೊರಗಿಟ್ಟ ನಪುಂಸಕನಿಗೆ ಯೆಶಾಯನ 56ನೇ ಅಧ್ಯಾಯ ದೇವಾಲಯದೊಳಗೆ ಹೆಸರನ್ನೂ ಸ್ಥಾನವನ್ನೂ ಮಾತುಕೊಡುತ್ತದೆ. ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿ ಫಿಲಿಪ್ಪನು ಇಥಿಯೋಪಿಯದ ಕಂಚುಕಿಗೆ ದಾರಿಯ ನೀರಿನಲ್ಲೇ ದೀಕ್ಷೆ ಕೊಡುತ್ತಾನೆ. ಆ ಕಂಚುಕಿ ಇಂದಿನ ಟ್ರಾನ್ಸ್ ಪುರುಷನಲ್ಲ. ಇಬ್ಬರನ್ನೂ ಒಂದಾಗಿಸುವುದು ಪಠ್ಯಕ್ಕೆ ಅನ್ಯಾಯ. ಈ ಪಠ್ಯಗಳು ಶಸ್ತ್ರಚಿಕಿತ್ಸೆಯ ಸರಿತಪ್ಪನ್ನು ನಿರ್ಣಯಿಸುವುದಿಲ್ಲ. ಅವು ಹೇಳುವುದು ಬೇರೆ: ದೇಹದ ಗುರುತನ್ನು ಕಂಡು ಬಾಗಿಲು ಮುಚ್ಚುವ ಅಧಿಕಾರವನ್ನು ದೇವರು ಹಿಂತೆಗೆದುಕೊಂಡಿದ್ದಾನೆ. 325ರ ನಿಕೇಯ ಮಹಾಸಭೆಯ ಮೊದಲ ನಿಯಮವೂ ವೈದ್ಯರಿಂದ ಅಂಗಚ್ಛೇದಕ್ಕೆ ಒಳಗಾದವನನ್ನೂ ತಾನೇ ಮಾಡಿಕೊಂಡವನನ್ನೂ ಪ್ರತ್ಯೇಕಿಸಿತು. ದೇಹದ ಮೇಲಿನ ಕತ್ತಿಯ ಗುರುತಿಗೆ ಹಿಂದಿನ ಕಾರಣವೇನೆಂದು ಧರ್ಮಸಭೆ ಆಗಲೇ ಕೇಳಿತ್ತು.

ನಮ್ಮ ಮುಖ್ಯ ಆಕ್ಷೇಪ ಕೊನೆಯದು. ಪರಿಚ್ಛೇದವು ಶಸ್ತ್ರಚಿಕಿತ್ಸೆಯ ಮುಂಚಿನ ಕ್ಷಣವನ್ನು ಮಾತ್ರ ಕಾಣುತ್ತದೆ. ಗುರುವಿಗೆ ಕರೆ ಬರುವುದು ಬಹುಪಾಲು ನಂತರ. ಆಗ ‘ಮಾಡಿಸಿಕೊಳ್ಳಬಹುದಿತ್ತೇ?’ ಎಂಬ ಪ್ರಶ್ನೆಗೆ ಆ ಕೋಣೆಯಲ್ಲಿ ಕೆಲಸವಿಲ್ಲ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಲ್ಸಾ ಪ್ರಕರಣದಲ್ಲಿ ಲಿಂಗ ಗುರುತನ್ನು ಸ್ವತಃ ನಿರ್ಧರಿಸುವ ಹಕ್ಕನ್ನು ಮಾನ್ಯಮಾಡಿತು; 2019ರ ಕಾಯಿದೆಯ 15ನೇ ಕಲಮು ಇಂಥ ಚಿಕಿತ್ಸೆಯ ಸೌಲಭ್ಯ ಒದಗಿಸುವುದನ್ನು ಸರ್ಕಾರಗಳ ಹೊಣೆಯಾಗಿಸಿತು. ಕಾನೂನು ಆಸ್ಪತ್ರೆಯ ಬಾಗಿಲವರೆಗೆ ಕರೆದೊಯ್ಯಬಲ್ಲದು. ಅಲ್ಲಿಂದ ಹೊರಟು ಆಳಂದದ ರಸ್ತೆಯಲ್ಲಿ ಬಸ್ಸಿನ ಪ್ರತಿ ಕುಲುಕಾಟಕ್ಕೂ ಎದೆ ಹಿಡಿದುಕೊಂಡು ಮನೆ ಸೇರಿದವನನ್ನು ಎದುರುಗೊಳ್ಳಬೇಕಾದವರು ತಾಯಿ, ತಂದೆ, ನೆರೆಹೊರೆ, ಮತ್ತು ಅವನು ಕ್ರೈಸ್ತನಾಗಿದ್ದರೆ ಅವನ ಗುರು.

ಆ ಗುರುವಿನ ಮೊದಲ ಮಾತೇ ಒಂದು ನಿರ್ಣಯ. ನಮ್ಮ ಭಾಷೆ ಅದನ್ನು ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಕಲಬುರಗಿಯ ಕನ್ನಡದಲ್ಲಿ ಕುಶಲ ಕೇಳುವಾಗ ‘ಹ್ಯಾಂಗಿದ್ದೀಯಪ್ಪಾ’ ಎನ್ನಬೇಕು, ಇಲ್ಲವೇ ‘ಹ್ಯಾಂಗಿದ್ದೀಯವ್ವಾ’ ಎನ್ನಬೇಕು. ಎರಡನೆಯದನ್ನು ಆಡಿದರೆ ಮುಂದಿನ ಪ್ರಾರ್ಥನೆ ಅವನ ಕಿವಿಗೆ ಬೀಳುವುದು ಅನುಮಾನ. ಮೊದಲನೆಯದನ್ನು ಆಡಿದ ಮಾತ್ರಕ್ಕೆ ಗುರುವು ಧರ್ಮಸಭೆಯ ಬೋಧನೆಯನ್ನು ತಿದ್ದಿದಂತಾಗುವುದಿಲ್ಲ. ಎದುರಿಗಿರುವವನನ್ನು ಅವನು ತನ್ನನ್ನು ಕರೆದುಕೊಳ್ಳುವ ಹೆಸರಿನಿಂದ ಮಾತನಾಡಿಸಿದಂತಾಗುತ್ತದೆ, ಅಷ್ಟೇ. ಅದಕ್ಕೂ ಹಿಂಜರಿಯುವವರಿಗೆ ‘ನೀವು’, ‘ಅವರು’ ಎಂಬ ಗೌರವದ ರೂಪಗಳು ಇದ್ದೇ ಇವೆ.

ಧರ್ಮಸಭೆಯ ಅಧಿಕೃತ ಬೋಧನೆಗೆ ಸಲ್ಲಬೇಕಾದ ವಿಧೇಯತೆಯನ್ನು ನಾವು ಇಲ್ಲಿ ಸಡಿಲಿಸಿಲ್ಲ. ಶಸ್ತ್ರಚಿಕಿತ್ಸೆಯೇ ವಿಮೋಚನೆ ಎಂದೂ ನಾವು ಹೇಳುವುದಿಲ್ಲ; ಗಾಯ ಮಾಗಿದ ಮೇಲೂ ಒಂಟಿತನ, ನಿರುದ್ಯೋಗ, ಮುರಿದ ಸಂಬಂಧಗಳು ಉಳಿದಿರಬಹುದು, ಅವುಗಳನ್ನು ಯಾವ ವೈದ್ಯನೂ ತೆಗೆಯಲಾರ. ಆದರೆ ಘನತೆಯನ್ನು ಕುರಿತ ಘೋಷಣೆಯೊಂದು ಆ ಕೋಣೆಯಲ್ಲಿ ಘನತೆಯ ಅನುಭವವಾಗಿ ಇಳಿಯದಿದ್ದರೆ ಅದರ ಓದು ಅರ್ಧಕ್ಕೇ ನಿಂತಂತೆ. ಇಂಥ ಮನೆಗೆ ಹೋಗುವ ಕಿರಿಯ ಗುರುಗಳಿಗೆ ನಾವು ಹೇಳಬಯಸುವುದು ಇಷ್ಟು: 60ನೇ ಪರಿಚ್ಛೇದವನ್ನು ತಿಳಿದಿರಿ, 7ನೆಯದನ್ನು ಮರೆಯದಿರಿ, ಪರಮಪ್ರಸಾದವನ್ನು ಕೇಳಿದರೆ ಸಭೆಯ ನಿಯಮದಂತೆ ಅವನ ಅಂತಃಕರಣದೊಡನೆ ತಾಳ್ಮೆಯಿಂದ ಮಾತನಾಡಿ, ತಾಯಿಯೊಡನೆ ಬೇರೆಯಾಗಿ ಕುಳಿತು ಅವಳ ಅಳುವನ್ನೂ ಆಲಿಸಿ. ಅವನ ತಲೆಗೆ ನೀರು ಹಾಕುವವರು ಆ ಮನೆಯಲ್ಲಿ ಯಾರೂ ಇಲ್ಲವೆಂದು ಕಂಡರೆ, ಆ ಕೆಲಸಕ್ಕೆ ಧರ್ಮಕೇಂದ್ರದಿಂದ ಒಬ್ಬರನ್ನು ಹುಡುಕಿ ಕಳುಹಿಸಿ.