ಮುದ್ದೆ ಕಟ್ಟುವ ತನಕ ಕ್ಯಾಮೆರಾ ಕದಲಬಾರದು

ಸಿಹಿಕಹಿ ಚಂದ್ರು ವೃತ್ತಿಯಿಂದ ಬಾಣಸಿಗರಲ್ಲ, ನಟರು. ದೂರದರ್ಶನದ ಧಾರಾವಾಹಿ ‘ಸಿಹಿಕಹಿ’ ಅವರ ಹೆಸರಿಗೇ ಅಂಟಿಕೊಂಡಿತು, ಆಮೇಲೆ ‘ಪಾಪ ಪಾಂಡು’ ಮನೆಮಾತಾಯಿತು. ಅಂಥವರು ಸ್ಟಾರ್ ಸುವರ್ಣ ವಾಹಿನಿಯ ಅಡುಗೆ ಕಾರ್ಯಕ್ರಮ ‘ಬೊಂಬಾಟ್ ಭೋಜನ’ದಲ್ಲಿ ಸೌಟು ಹಿಡಿದು ನಿಂತರೆ ಹಾಸನ ಜಿಲ್ಲೆಯ ಹೊಳೆನರಸೀಪುರ, ಅರಕಲಗೂಡು ಕಡೆಯ ಮನೆಗಳಲ್ಲಿ ಟಿವಿಯ ದನಿ ಒಂದಿಷ್ಟು ಏರುತ್ತದೆ. ಹುಟ್ಟಿದಾಗಿನಿಂದ ಹಿಟ್ಟು ತೊಳಸಿದ ಕೈಗಳಿಗೆ ಒಬ್ಬ ನಟ ಕಲಿಸುವಂಥದ್ದೇನಿದೆ ಎಂದು ಕೇಳುವವರಿದ್ದಾರೆ. ಕಲಿಸುವ ಪ್ರಶ್ನೆಯೇ ಅಲ್ಲಿಲ್ಲ. ತಮ್ಮ ಹಾಗೆ ಬಾಯಿರುಚಿಯನ್ನೇ ನಂಬಿ ಅಡುಗೆ ಮಾಡುವ ಇನ್ನೊಬ್ಬರು ಅಲ್ಲಿದ್ದಾರೆ, ಅಷ್ಟು ಸಾಕು.

ಹೋಟೆಲಿನ ಅಡುಗೆಯವರಿಗೆ ಇವತ್ತಿನ ನೂರು ತಟ್ಟೆಯೂ ನಿನ್ನೆಯ ನೂರು ತಟ್ಟೆಯಂತೆಯೇ ಇರಬೇಕು. ಅದು ದೊಡ್ಡ ವಿದ್ಯೆ, ಅದರ ಬಗ್ಗೆ ಅಗೌರವವಿಲ್ಲ. ಮನೆಯಡುಗೆಗೆ ಆ ಕಟ್ಟಿಲ್ಲ. ಹುಣಸೆ ಈ ಸಲ ಹುಳಿ ಜಾಸ್ತಿಯಾದರೆ ಒಂದು ಚೂರು ಬೆಲ್ಲ ಬೀಳುತ್ತದೆ. ಅವರೆ ಬಲಿತಿದ್ದರೆ ಒಲೆಯ ಮೇಲೆ ಇನ್ನೊಂದಿಷ್ಟು ಹೊತ್ತು ಇರುತ್ತದೆ. ಹವ್ಯಾಸಿ ನಿರೂಪಕರು ಈ ಹೊಂದಾಣಿಕೆಯ ಮಾತನ್ನು ಆಡಬಲ್ಲರು. ಚಮಚದ ಲೆಕ್ಕದಲ್ಲೇ ನಿಂತುಬಿಡುವ ಪಂಥದವರಿಗೆ ಅದು ಒಗ್ಗುವುದಿಲ್ಲ.

ಆ ಪಂಥದೊಂದಿಗೆ ಈ ಅಂಕಣದ ಜಗಳ ಹಳೆಯದು. ಶುಂಠಿ–ಬೆಳ್ಳುಳ್ಳಿ ಪೇಸ್ಟ್, ಕಸೂರಿ ಮೇಥಿ, ಕೊನೆಗೊಂದು ಸುತ್ತು ಫ್ರೆಶ್ ಕ್ರೀಮ್: ಯಾವ ಊರಿನ ಪದಾರ್ಥಕ್ಕೂ ಇದೇ ಉಡುಗೆ. ಬಸ್ಸಾರಿಗೆ ಬೇಕಾದದ್ದು ಕೆಂಡದಲ್ಲಿ ಸುಟ್ಟ ಈರುಳ್ಳಿ, ಸಿಪ್ಪೆ ಕಪ್ಪಾದ ಬೆಳ್ಳುಳ್ಳಿ. ಬಾಟಲಿಯ ಪೇಸ್ಟ್ ಬಿದ್ದರೆ ಹುರುಳಿಕಟ್ಟಿನ ವಾಸನೆಯೇ ಹೋಗಿ, ಬಸ್ಸಾರಿಗೂ ಹೆದ್ದಾರಿ ಡಾಬಾದ ಗ್ರೇವಿಗೂ ವ್ಯತ್ಯಾಸ ಉಳಿಯುವುದಿಲ್ಲ.

ವೃತ್ತಿಯವರಲ್ಲದವರು ಪಾಕಶಾಸ್ತ್ರ ಹೇಳುವುದು ಟಿವಿ ಬಂದ ಮೇಲೆ ಶುರುವಾದ ಚಾಳಿ ಎಂದುಕೊಂಡವರು ಮಂಗರಸನನ್ನು ನೆನೆಯಬೇಕು. 16ನೇ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ ಕಲ್ಲಹಳ್ಳಿಯ ಅರಸು ಮನೆತನದವನು. ‘ಸಮ್ಯಕ್ತ್ವಕೌಮುದಿ’, ‘ನೇಮಿಜಿನೇಶ ಸಂಗತಿ’ ಬರೆದ ಜೈನಕವಿ ‘ಸೂಪಶಾಸ್ತ್ರ’ವನ್ನೂ ಬರೆದ, ಅದೂ ಪದ್ಯದಲ್ಲಿ. ಕತ್ತಿ ಹಿಡಿಯುವ ಮನೆಯವನು ಹಿಟ್ಟಿನ ತಿಂಡಿ, ಪಾನಕ, ಅನ್ನದ ಬಗೆಗಳನ್ನು ಹೇಳಿ, ಬದನೆ, ಹಲಸು, ಬಾಳೆ, ಕಳಲೆಗಳವರೆಗೂ ಬರುತ್ತಾನೆ. ಬದನೆಕಾಯಿಯೊಂದಕ್ಕೇ ಅವನು ಕೊಡುವ ಬಗೆಗಳನ್ನು ಓದಿದರೆ, ಎಣ್ಣೆಗಾಯಿಯಲ್ಲಿ ನಿಂತುಬಿಟ್ಟ ನಮ್ಮ ಅಡುಗೆಮನೆಗಳಿಗೆ ನಾಚಿಕೆಯಾಗಬೇಕು. ಅವನಿಗಿಂತ ಸುಮಾರು ನಾಲ್ಕು ಶತಮಾನ ಹಿಂದೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನೂ ಅಡುಗೆಯನ್ನು ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಸೇರಿಸಿಕೊಂಡಿದ್ದ. ಇವರಿಬ್ಬರೂ ಪಗಾರಕ್ಕೆ ಒಲೆ ಕಾದವರಲ್ಲ. ತಿಂದು, ಗಮನಿಸಿ, ಬರೆದಿಟ್ಟವರು. ಬೊಂಬಾಟ್ ಭೋಜನದ ವಂಶಾವಳಿ ಹುಡುಕುವವರು ಅಲ್ಲಿಂದಲೇ ಶುರುಮಾಡಬಹುದು.

ಆದರೆ ಪುಸ್ತಕಕ್ಕಿಲ್ಲದ ಒಂದು ಅನುಕೂಲ ಟಿವಿಗಿದೆ, ಅದು ಕೈಯನ್ನು ತೋರಿಸಬಲ್ಲದು. ಅದನ್ನೇ ನಮ್ಮ ಕಾರ್ಯಕ್ರಮಗಳು ಕತ್ತರಿಸಿ ಎಸೆಯುತ್ತವೆ. ಎಣ್ಣೆ ಕಾಯುವುದು, ಸಾಸಿವೆ ಸಿಡಿಯುವುದು ಕಾಣುತ್ತದೆ. ಜಾಹೀರಾತು ಮುಗಿಯುವಷ್ಟರಲ್ಲಿ ಕಾಳು ಬೆಂದು ತಟ್ಟೆಗೂ ಬಂದಿರುತ್ತದೆ. ನಡುವಿನ ಹೊತ್ತು, ಅಂದರೆ ಅಡುಗೆ, ಎಲ್ಲೂ ಇರುವುದಿಲ್ಲ.

ಅಮೆರಿಕದ ಜೂಲಿಯಾ ಚೈಲ್ಡ್ 1963ರಲ್ಲಿ ಬಾಸ್ಟನ್ನಿನ ಕೇಂದ್ರದಿಂದ ‘ದ ಫ್ರೆಂಚ್ ಶೆಫ್’ ಶುರುಮಾಡಿದಾಗ ಹೀಗಿರಲಿಲ್ಲ. ಆಕೆ ಪ್ಯಾರಿಸ್ಸಿನಲ್ಲಿ ಅಡುಗೆ ಕಲಿತವರು, ಆದರೆ ಹೋಟೆಲಿನಲ್ಲಿ ದುಡಿದವರಲ್ಲ. ಚಿತ್ರೀಕರಣ ಹೆಚ್ಚುಕಮ್ಮಿ ಒಂದೇ ಓಟದಲ್ಲಿ ಸಾಗುತ್ತಿತ್ತು. ಒಮ್ಮೆ ಆಲೂಗೆಡ್ಡೆಯ ರೊಟ್ಟಿಯಂಥ ತಿಂಡಿಯೊಂದನ್ನು ಬಾಣಲೆಯಲ್ಲೇ ಹಾರಿಸಿ ಮಗುಚಲು ಹೋದರು. ಒಂದು ಭಾಗ ಒಲೆಯ ಮೇಲೆ ಬಿತ್ತು. ಆಕೆ ಅದನ್ನು ಎತ್ತಿ ಬಾಣಲೆಗೆ ಸೇರಿಸಿ ಮುಂದುವರಿದರು, ನೋಡುವವರೆಲ್ಲ ನೋಡಿದರು. ಬಿದ್ದದ್ದನ್ನು ಸರಿಪಡಿಸುವ ಆ ಕ್ಷಣದಲ್ಲಿರುವ ಪಾಠ ಯಾವ ಅಳತೆಪಟ್ಟಿಯಲ್ಲಿದೆ? ಆಲೂಗೆಡ್ಡೆ ಬೆಳೆಯುವ ಹಾಸನದವರು ಈ ದೃಶ್ಯವನ್ನು ಒಮ್ಮೆಯಾದರೂ ನೋಡಬೇಕು.

ಈಗ ರಾಗಿಹಿಟ್ಟಿನ ಮಾತಿಗೆ ಬರೋಣ. ಕತ್ತರಿಸಿ ತೋರಿಸಲಾಗದ ಅಡುಗೆ ಇದ್ದರೆ ಅದು ಇದೇ. ಎಸರಿಗೆ ಮೊದಲು ಒಂದಿಷ್ಟು ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಬಿಡಬೇಕು. ಅದು ಗಂಜಿಯಾಗಿ ಉಕ್ಕಿ ಬಂದಾಗ ಉಳಿದ ಹಿಟ್ಟು ನಡುವೆ ಗುಡ್ಡೆಯಾಗಿ ಬೀಳಬೇಕು. ಆಗ ಕಲಕಬಾರದು, ಇದೇ ಮುಖ್ಯ. ಗುಡ್ಡೆಯ ನಡುವೆ ಕೋಲು ಊರಿ, ಆ ತೂತಿನಿಂದ ಎಸರು ಮೇಲೆ ಬರುವಂತೆ ಮಾಡಿ, ಉರಿ ತಗ್ಗಿಸಿ ಕಾಯಬೇಕು. ಹಸಿಹಿಟ್ಟಿನ ವಾಸನೆ ಹೋಗಿ ಬೆಂದ ರಾಗಿಯ ಘಮ ಬಂದಾಗ ಇಳಿಸಿ, ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು, ಮೈಬಲವನ್ನೆಲ್ಲ ಹಾಕಿ ತೊಳಸಬೇಕು. ಕೋಲು ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ಸುತ್ತುವಾಗ ಗಂಟು ಒಡೆಯುತ್ತದೆ. ಆಮೇಲೆ ಒದ್ದೆ ಕೈ, ಒದ್ದೆ ಮಣೆ, ಬಿಸಿ ಆರುವ ಮೊದಲೇ ಮುದ್ದೆ ಕಟ್ಟುವ ಅವಸರ. ಇದರಲ್ಲಿ ಯಾವ ನಿಮಿಷವನ್ನು ಸಂಕಲನಕಾರ ಕತ್ತರಿಸಬಲ್ಲ?

ಬಸ್ಸಾರಿನದೂ ಹಾಗೆಯೇ. ಹುರುಳಿಯನ್ನೋ ಅವರೆಯನ್ನೋ ಸೊಪ್ಪಿನ ಜೊತೆ ಬೇಯಿಸಿ ಕಟ್ಟು ಬಸಿಯುವಾಗ ಅದರ ಬಣ್ಣ ನೋಡಿಯೇ ತಿಳಿಯಬೇಕು. ತೆಳ್ಳಗಿದ್ದರೆ ಬೆಂದ ಕಾಳು ಒಂದು ಹಿಡಿ ಕಾಯಿಯ ಜೊತೆ ಒರಳಿಗೆ ಹೋಗುತ್ತದೆ, ಮಿಕ್ಕ ಕಾಳು–ಸೊಪ್ಪಿಗೆ ಒಗ್ಗರಣೆ ಬಿದ್ದು ಪಲ್ಯ. ಚನ್ನರಾಯಪಟ್ಟಣ ತೆಂಗಿನ ಸೀಮೆ, ಅಲ್ಲಿ ಕಾಯಿ ಹಾಕುವಾಗ ಕೈ ಹಿಡಿಯುವವರಿಲ್ಲ. ಹೇಮಾವತಿಯ ದಡದ ಹೊಳೆನರಸೀಪುರದಲ್ಲೂ, ಕಾವೇರಿ ದಡದ ರಾಮನಾಥಪುರ ಸೇರಿದ ಅರಕಲಗೂಡಿನಲ್ಲೂ ನೀರಾವರಿಯ ಗದ್ದೆ ಇರುವುದರಿಂದ ಅನ್ನಕ್ಕೂ ಮುದ್ದೆಗೂ ಒಂದೇ ಸಾರು ಹೊಂದಬೇಕು. ಇವೆಲ್ಲವನ್ನೂ ‘ಹಾಸನ ಸ್ಟೈಲ್’ ಎಂಬ ಒಂದೇ ಚೀಟಿಯಡಿ ತೋರಿಸುವುದು ಅನ್ಯಾಯ.

ವಾಹಿನಿಗಳಿಗೆ ಕೇಳುವುದು ಇಷ್ಟೇ. ಸೊಗಡಿನ ಅವರೆ ಬರುವ ಡಿಸೆಂಬರ್‌–ಜನವರಿಯಲ್ಲಿ ಒಂದು ಸಂಚಿಕೆಯನ್ನು ಸ್ಟುಡಿಯೋದಿಂದ ಹೊರಗೆ, ಈ ತಾಲ್ಲೂಕುಗಳ ಯಾವುದಾದರೂ ಅಡುಗೆಮನೆಯಲ್ಲಿ ಚಿತ್ರಿಸಲಿ. ನಿರೂಪಕರು ಕೋಲು ಹಿಡಿದು ತೊಳಸಲಿ, ಗಂಟಾದರೆ ಗಂಟೇ ಕಾಣಲಿ, ಪಕ್ಕದಲ್ಲಿ ನಿಂತ ಮನೆಯಾಕೆ ಕೋಲು ಕಸಿದುಕೊಂಡು ಸರಿಮಾಡಲಿ. ಹಿಟ್ಟು ಸುರಿದಲ್ಲಿಂದ ಮುದ್ದೆ ಕಟ್ಟುವವರೆಗೆ ಕ್ಯಾಮೆರಾ ನಿಲ್ಲಬಾರದು. ಜಾಹೀರಾತನ್ನು ಎಸರು ಕಾಯುವಾಗ ಹಾಕಿಕೊಳ್ಳಲಿ, ಅದಕ್ಕೆ ಯಾರ ತಕರಾರೂ ಇಲ್ಲ.