‘ಪಾತಾಳ ಭೈರವಿ’ಯಲ್ಲಿ ನೇತೃಗುಣ

ಧನಂಜಯನು ತನ್ನ ದಶರೂಪಕದಲ್ಲಿ ಕಥಾನಾಯಕನನ್ನು ‘ನೇತಾ’ ಎಂದು ಕರೆದಿರುವನು. ಕಥೆಯನ್ನು ಫಲದವರೆಗೆ ನಡೆಯಿಸಿಕೊಂಡು ಹೋಗುವವನು ಎಂಬುದೇ ಆ ಪದದ ಸ್ವಾರಸ್ಯ. ವಿನಯ, ತ್ಯಾಗ, ದಕ್ಷತೆ, ಸ್ಥೈರ್ಯಗಳೊಡನೆ ಪ್ರಸಿದ್ಧವಾದ ವಂಶವನ್ನೂ ಅವನ ಗುಣಗಳಲ್ಲಿ ಎಣಿಸಿದೆ. ಈ ಸೀಮೆಯಲ್ಲಿ ‘ನಾಯಕ’ ಶಬ್ದಕ್ಕೆ ಇನ್ನೊಂದು ಅರ್ಥವೂ ಉಂಟು. ಶಿರಾದ ಕೋಟೆಗೆ ಅಡಿಗಲ್ಲಿಟ್ಟ ರಂಗಪ್ಪ ನಾಯಕನಂತಹ ಪಾಳೆಯಗಾರರ ಬಿರುದು ಅದು. ಮಧುಗಿರಿ, ಪಾವಗಡ, ಕೊರಟಗೆರೆ ಸೀಮೆಯ ಚನ್ನರಾಯನದುರ್ಗ, ಇವುಗಳ ಗಿರಿದುರ್ಗಗಳನ್ನು ಕಾಣುತ್ತ ಬೆಳೆದವರಿಗೆ ನಾಯಕನೆಂದರೆ ಕೋಟೆಯುಳ್ಳವನು. ಕೋಟೆಯೂ ಕುಲವೂ ಇಲ್ಲದವನು ನಾಯಕನಾಗಬಲ್ಲನೆ?

ಈ ಪ್ರಶ್ನೆಯನ್ನು ಎತ್ತುವ ಚಲಚ್ಚಿತ್ರ ‘ಪಾತಾಳ ಭೈರವಿ’. ಕೆ. ವಿ. ರೆಡ್ಡಿಯವರು ನಿರ್ದೇಶಿಸಿದ ಈ ತೆಲುಗು ಚಿತ್ರವು 1951ರಲ್ಲಿ ತೆರೆಕಂಡಿತು. ಬಹುಭಾಗ ಆಂಧ್ರವೇ ಸುತ್ತುವರಿದ ಪಾವಗಡದಲ್ಲಿ ಕನ್ನಡ ತೆಲುಗುಗಳೆರಡೂ ಮನೆಮಾತುಗಳಾದ್ದರಿಂದ, ಈ ಕಡೆಯವರಿಗೆ ಇದು ಪರಭಾಷೆಯ ಕೃತಿಯೆನಿಸದು.

ಉಜ್ಜಯಿನಿಯ ತೋಟಿಗನ ಮಗ ರಾಮುಡು ರಾಜಪುತ್ರಿ ಇಂದುಮತಿಯನ್ನು ಪ್ರೀತಿಸುವನು. ತನಗೆ ಸಮನಾದ ಐಶ್ವರ್ಯವನ್ನು ಗಳಿಸಿ ತಂದರೆ ಮಗಳನ್ನು ಕೊಡುವೆನೆಂದು ಅರಸನು ಹೇಳುವನು. ಗುಣವನ್ನು ಪರೀಕ್ಷಿಸದೆ ಹಣವನ್ನು ಕೇಳಿದ ಈ ದೊರೆ ಸಿಂಹಾಸನದಲ್ಲಿದ್ದರೂ ನೇತೃವಲ್ಲ. ರಾಮುಡುವನ್ನು ಬಲಿಗೊಡಲು ಕರೆದೊಯ್ದ ನೇಪಾಳ ಮಾಂತ್ರಿಕನು ತಾನೇ ಬಲಿಯಾಗಲು, ದೇವಿಯ ಪ್ರತಿಮೆ ತೋಟಿಗನ ಮಗನ ಕೈಸೇರುವುದು. ಬೇಡಿದ ಕ್ಷಣವೇ ಅರಮನೆ ಎದ್ದುನಿಲ್ಲುವುದು. ಪ್ರೇಕ್ಷಕರು ಚಪ್ಪಾಳೆ ತಟ್ಟುವುದು ಇಲ್ಲಿಯೇ ಆದರೂ, ಇಲ್ಲಿ ರಾಮುಡು ಧೀರನೇ ಹೊರತು ನಾಯಕನಲ್ಲ. ಅರಸನು ಹೇಳಿದ ಬೆಲೆಯನ್ನು ತೆತ್ತವನು, ಅಷ್ಟೆ.

ಶಿಷ್ಯ ಸದಾಜಪನು ಸಂಜೀವಿನಿಯಿಂದ ಮಾಂತ್ರಿಕನನ್ನು ಬದುಕಿಸುವನು. ಮಾಂತ್ರಿಕನು ಶೂರಸೇನನ ಮೂಲಕ ಪ್ರತಿಮೆಯನ್ನು ಅಪಹರಿಸಲು, ಅರಮನೆಯೂ ಇಂದುಮತಿಯೂ ಒಟ್ಟಿಗೆ ಮಾಯವಾಗುವರು. ನೇತೃಗುಣವು ಬೆಳಕಿಗೆ ಬರುವುದು ಈ ಸರ್ವನಾಶದ ಬಳಿಕ. ಬರಿಗೈಯಾದ ರಾಮುಡು ಗೆಳೆಯ ಅಂಜಿಯೊಡನೆ ದಾರಿಯರಿಯದ ನಾಡಿಗೆ ಹೊರಡುವನು. ಐಶ್ವರ್ಯದ ಕಾಲದಲ್ಲಿ ಅನುಚರರು ಎಲ್ಲರಿಗೂ ಉಂಟು. ಅದು ಹೋದ ಮೇಲೂ ಹಿಂದೆ ಒಬ್ಬನಾದರೂ ನಡೆದು ಬಂದರೆ, ಮುಂದೆ ನಡೆಯುವವನು ನಾಯಕನು.

ಎದುರುಬದುರಾದ ಎರಡು ಜೋಡಿಗಳೇ ಈ ಚಿತ್ರದ ಮರ್ಮ. ಮಾಂತ್ರಿಕನಿಗೆ ಸದಾಜಪನು ಕೇವಲ ಉಪಕರಣ. ರಾಮುಡುವಿಗೆ ಅಂಜಿಯು ಸಖ. ಅಂಜಿಯು ಸದಾಜಪನ ವೇಷದಲ್ಲಿ ಬಂದು, ಮದುವಣಿಗನಿಗೆ ಗಡ್ಡವೇಕೆಂದು ಪುಸಲಾಯಿಸಿ, ಶಕ್ತಿಯ ನೆಲೆಯಾದ ಆ ಗಡ್ಡವನ್ನೇ ತೆಗೆಯಿಸುವನು. ತನಗೆ ಪ್ರಾಣವನ್ನಿತ್ತ ಶಿಷ್ಯನಾರು, ವೇಷಧಾರಿಯಾರು ಎಂಬುದನ್ನು ಗುರುವು ಅರಿಯಲಾರನು! ಅನುಚರನ ಮುಖವನ್ನು ಎಂದೂ ನೆಟ್ಟಗೆ ನೋಡದವನಿಗೆ ಇದಕ್ಕಿಂತ ತಕ್ಕ ಶಿಕ್ಷೆಯಿಲ್ಲ. ರಾಮುಡುವಾದರೋ ಕಟ್ಟಿನಲ್ಲಿ ಬಿದ್ದು ಸಂಕಟಪಡುತ್ತಿರುವನು. ಗೆಲವಿನ ಬಾಗಿಲನ್ನು ತೆರೆದವನು ಗೆಳೆಯನು. ಇದರಿಂದ ನಾಯಕನಿಗೆ ಕುಂದಿಲ್ಲ. ತನ್ನವರ ಬುದ್ಧಿಗೆ ಎಡೆಗೊಡುವುದೂ ದಕ್ಷತೆಯೇ.

ದೋಷಗಳಿಲ್ಲವೆಂದಲ್ಲ. ಎಸ್. ವಿ. ರಂಗಾರಾಯರ ಮಾಂತ್ರಿಕನು ಕಂಠದಿಂದಲೂ ನೋಟದಿಂದಲೂ ಕಥೆಯನ್ನೆಲ್ಲ ಆಕ್ರಮಿಸಿರುವುದರಿಂದ, ಎನ್. ಟಿ. ರಾಮರಾಯರ ರಾಮುಡು ಎಷ್ಟೋ ಕಡೆ ಮಸುಕಾಗುವನು. ಇಂದುಮತಿಗೆ ಅಳುವುದನ್ನೂ ಕಾಯುವುದನ್ನೂ ಬಿಟ್ಟು ಹೆಚ್ಚಿನ ಕೆಲಸವಿಲ್ಲ. ಕೊನೆಯಲ್ಲಿಯೂ ಮರಳಿ ದೊರೆತ ಪ್ರತಿಮೆಯೇ ಎಲ್ಲವನ್ನೂ ಸರಿಪಡಿಸುವುದು. ಸ್ವಂತ ಗುಣದಿಂದ ಗೆದ್ದವನಿಗೆ ಅದರ ಹಂಗು ಏಕೆ? ಅದನ್ನು ತ್ಯಜಿಸಿ ಮರಳಿದ್ದರೆ ಶಾಸ್ತ್ರವು ಹೇಳುವ ತ್ಯಾಗಗುಣವೂ ಸಿದ್ಧಿಸುತ್ತಿತ್ತು.

ಆದರೂ ವಂಶವೊಂದನ್ನು ಬಿಟ್ಟು ಉಳಿದ ಗುಣಗಳಿಂದಲೇ ನೇತೃವು ನಿಲ್ಲಬಲ್ಲನೆಂಬುದನ್ನು ಈ ಅದ್ಭುತಕಥೆಯು ತೋರಿಸಿಕೊಟ್ಟಿದೆ. ಬೆಟ್ಟದ ಮೇಲಣ ಕೋಟೆಗಳು ಪಾಳಾಗಿವೆ. ಕೋಟೆಯಿಲ್ಲದಾಗಲೂ ಉಳಿಯುವುದಾವುದೆಂಬುದನ್ನು ಮಕ್ಕಳು ಈ ತೋಟಿಗನ ಮಗನಿಂದ ಕಲಿಯಬಹುದು.