ಪಿಕಾರ್ಡ್‌ನ ಕೈಗೆ ಬಂದೂಕು ಕೊಟ್ಟ ಸಿನಿಮಾ

‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ ಧಾರಾವಾಹಿಯಲ್ಲಿ ಕ್ಯಾಪ್ಟನ್ ಪಿಕಾರ್ಡ್‌ನನ್ನು ಬೋರ್ಗ್ ಎಂಬ ಅರೆಯಂತ್ರ ಜೀವಿಗಳ ಸಮೂಹ ಹಿಡಿದೊಯ್ಯುತ್ತದೆ. ಅವನ ಮನಸ್ಸನ್ನು ಕಸಿದು, ಅವನ ತಿಳಿವಳಿಕೆಯಿಂದಲೇ ಅವನ ಜನರನ್ನು ಕೊಲ್ಲಿಸುತ್ತದೆ. ಅವನು ಪಾರಾಗಿ ಬಂದ ನಂತರದ ಕಂತು 1990ರ ‘ಫ್ಯಾಮಿಲಿ’. ಅದರಲ್ಲಿ ಯುದ್ಧವೇ ಇಲ್ಲ. ಪಿಕಾರ್ಡ್ ಫ್ರಾನ್ಸಿನ ತನ್ನ ಊರಿಗೆ ಹೋಗುತ್ತಾನೆ, ದ್ರಾಕ್ಷಿ ತೋಟದ ಕೆಸರಲ್ಲಿ ಅಣ್ಣನ ಜೊತೆ ಹೊಡೆದಾಡುತ್ತಾನೆ, ಆಮೇಲೆ ಬಿಕ್ಕಿ ಬಿಕ್ಕಿ ಅಳುತ್ತಾನೆ. 1992ರ ‘ಐ, ಬೋರ್ಗ್’ ಕಂತಿನಲ್ಲಿ ಗಾಯಗೊಂಡ ಬೋರ್ಗ್ ಹುಡುಗನೊಬ್ಬ ಅವನ ವಶಕ್ಕೆ ಸಿಗುತ್ತಾನೆ. ಅವನ ಮೂಲಕ ಇಡೀ ಕುಲವನ್ನೇ ಅಳಿಸಿಬಿಡಬಹುದು. ಆ ಯೋಚನೆಯಲ್ಲೇ ಇದ್ದ ಪಿಕಾರ್ಡ್, ಹುಡುಗನಲ್ಲಿ ಒಬ್ಬ ವ್ಯಕ್ತಿಯನ್ನು ಕಂಡು ಅದನ್ನು ಕೈಬಿಡುತ್ತಾನೆ.

1996ರಲ್ಲಿ ಬಂದ ಸಿನಿಮಾ ‘ಫಸ್ಟ್ ಕಾಂಟ್ಯಾಕ್ಟ್’. ಅಲ್ಲಿ ಇದೇ ಪಿಕಾರ್ಡ್ ಮಷೀನ್ ಗನ್ ಹಿಡಿದು ಬೋರ್ಗ್‌ಗಳನ್ನು ಹೊಡೆದುರುಳಿಸುತ್ತಾನೆ. ಅವರಲ್ಲೊಬ್ಬ ಅವನದೇ ನೌಕೆಯ ಸಿಬ್ಬಂದಿಯಾಗಿದ್ದವನು. ತೋಟದಲ್ಲಿ ಅತ್ತವನ, ಹುಡುಗನನ್ನು ಉಳಿಸಿದವನ ಸುಳಿವೇ ಇಲ್ಲ. ಪಿಕಾರ್ಡ್‌ನ ತಂಡದ ನಾಲ್ಕು ಸಿನಿಮಾಗಳಲ್ಲಿ ಇದೇ ಉತ್ತಮವಾದದ್ದು ಎಂಬುದನ್ನು ನಾನೂ ಒಪ್ಪುತ್ತೇನೆ. ಅದಕ್ಕೇ ನೋವು ಹೆಚ್ಚು. ಧಾರಾವಾಹಿ ನೋಡದವರಿಗೂ ಎರಡು ಗಂಟೆಯಲ್ಲಿ ಕಥೆ ಅರ್ಥವಾಗಬೇಕು, ಆದ್ದರಿಂದ ಸೇಡು ಸಾಕು ಎಂದು ಸಿನಿಮಾ ತೀರ್ಮಾನಿಸಿತು. ಬೋರ್ಗ್ ನಮ್ಮನ್ನು ನಡುಗಿಸಿದ್ದೇ ಅದಕ್ಕೆ ಮುಖವಿಲ್ಲ, ಒಡೆಯನಿಲ್ಲ ಎಂಬ ಕಾರಣಕ್ಕೆ. ಸಿನಿಮಾಕ್ಕೆ ಮಾತಾಡುವ ಖಳ ಬೇಕಿತ್ತು. ಬೋರ್ಗ್‌ಗೆ ಒಬ್ಬ ರಾಣಿ ಬಂದಳು.

ಧಾರಾವಾಹಿಯ ದಾರಿ ಬೇರೆ. ಅದರ 1989ರ ‘ದ ಮೆಷರ್ ಆಫ್ ಎ ಮ್ಯಾನ್’ ಕಂತಿನ ಜೀವಾಳ ಒಂದು ಕೋಣೆಯೊಳಗಿನ ವಿಚಾರಣೆ. ಯಂತ್ರಮಾನವ ಡೇಟಾ ಆಸ್ತಿಯೋ, ವ್ಯಕ್ತಿಯೋ ಎಂಬುದೇ ಪ್ರಶ್ನೆ. ಅವನ ವಿರುದ್ಧ ವಾದಿಸಬೇಕಾದವನು ಅವನ ಗೆಳೆಯ ರೈಕರ್. ಇಷ್ಟು ಹಿರಿದಾದ ಪ್ರಶ್ನೆಗೆ ಬೇಕಾದದ್ದು ಮೇಜು, ಕುರ್ಚಿ, ಒಳ್ಳೆಯ ಸಂಭಾಷಣೆ ಮಾತ್ರ. ದೊಡ್ಡ ಪರದೆಯ ಬಂಡವಾಳ ಇದನ್ನು ನಂಬುವುದಿಲ್ಲ. ಅದಕ್ಕೆ ಭೂಮಿಯೇ ಅಪಾಯದಲ್ಲಿರಬೇಕು. 2002ರ ‘ನೆಮೆಸಿಸ್’ನಲ್ಲಂತೂ ಪಿಕಾರ್ಡ್ ಮರುಭೂಮಿಯಲ್ಲಿ ಜೀಪಿನಂಥ ಗಾಡಿ ಓಡಿಸುತ್ತಾನೆ. ಈ ತಂಡದ ಸಿನಿಮಾಗಳು ಅಲ್ಲಿಗೇ ನಿಂತವು.

ಪಿಕಾರ್ಡ್‌ಗಿಂತ ಮುಂಚಿನ, ಕ್ಯಾಪ್ಟನ್ ಕರ್ಕ್‌ನ ತಂಡದ್ದೂ ಇದೇ ಪಾಡು. 1979ರ ಮೊದಲ ಸ್ಟಾರ್ ಟ್ರೆಕ್ ಸಿನಿಮಾದ ಕಥೆ ಹುಟ್ಟಿದ್ದೂ ಟಿವಿಗಾಗಿಯೇ. ಬರಲಿದ್ದ ಹೊಸ ಧಾರಾವಾಹಿಯ ಆರಂಭದ ಕಂತಿಗೆಂದು ಬರೆದಿದ್ದನ್ನು ಎರಡು ಗಂಟೆಗೂ ಮೀರಿ ಎಳೆದರು. ಎಂಟರ್‌ಪ್ರೈಸ್ ನೌಕೆಯ ಸುತ್ತ ಕ್ಯಾಮೆರಾ ನಿಮಿಷಗಟ್ಟಲೆ ಸುತ್ತುತ್ತದೆ. ಜೆರಿ ಗೋಲ್ಡ್‌ಸ್ಮಿತ್ ಅವರ ಸಂಗೀತ ಅದ್ಭುತ, ಕಥೆ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಸಿನಿಮಾ ಮಾಧ್ಯಮದಲ್ಲೇ ದೋಷವಿದೆ ಎನ್ನಲಾರೆ. 1982ರ ‘ದ ರಾತ್ ಆಫ್ ಖಾನ್’ ಮೊದಲನೆಯದಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ತಯಾರಾಯಿತು. ನಿರ್ಮಾಪಕ ಹಾರ್ವ್ ಬೆನೆಟ್ ಮೂಲ ಧಾರಾವಾಹಿಯ ಹಳೆಯ ಕಂತುಗಳನ್ನು ಕೂತು ನೋಡಿ, 1967ರ ಒಂದು ಕಂತಿನಿಂದ ಖಳ ಖಾನ್‌ನನ್ನು ಆರಿಸಿಕೊಂಡರು. ಅದೇ ನಟ, ರಿಕಾರ್ಡೊ ಮಾಂಟಲ್‌ಬಾನ್, ಹದಿನೈದು ವರ್ಷ ಹೆಚ್ಚು ವಯಸ್ಸಾಗಿ ಮರಳಿದರು. ಕರ್ಕ್‌ಗೂ ಕನ್ನಡಕ ಬಂದಿತ್ತು. ಪ್ರೇಕ್ಷಕರು ಈ ಪಾತ್ರಗಳ ಜೊತೆ ಕಳೆದ ವರ್ಷಗಳನ್ನೇ ಈ ಸಿನಿಮಾ ತನ್ನ ವಸ್ತುವಾಗಿಸಿಕೊಂಡಿತು. ಕರ್ಕ್‌ನ ಗೆಳೆಯ ಸ್ಪಾಕ್‌ನ ಸಾವು ಎದೆಗೆ ತಟ್ಟುವುದು ಅದರಿಂದಲೇ.

ಪಿಕಾರ್ಡ್‌ನನ್ನು ಸಿನಿಮಾಗಳಲ್ಲಷ್ಟೇ ಕಂಡವರಲ್ಲಿ ನನ್ನ ಕೋರಿಕೆ: ದಯವಿಟ್ಟು ‘ಫ್ಯಾಮಿಲಿ’ ಮತ್ತು ‘ಐ, ಬೋರ್ಗ್’ ಕಂತುಗಳನ್ನು ನೋಡಿ, ಆಮೇಲೆ ಅವನ ಬಗ್ಗೆ ತೀರ್ಮಾನಕ್ಕೆ ಬನ್ನಿ.